ಮಗ್ಗುಲು ಬದಲಿಸಿದ ಚೂರು

ಬೆಳಕಿನ್ನೂ ಕಿಟಕಿಗೆ ಬಂದಿಲ್ಲ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಎಲ್ಲರೂ ಮೇಣದಕ್ಕ ಎಂದೇ ಕರೆಯುವ ಹೆಂಗಸು ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಕೊಯ್ಯುವ ಯಂತ್ರದ ಹಿಡಿ ತಿರುಗಿಸುತ್ತಾರೆ. ತಣ್ಣನೆಯ ಮೇಣದ ಅಚ್ಚಿನಿಂದ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಪಟ್ಟಿ ಇಳಿಯುತ್ತದೆ. ಅದರ ನಡುವೆ ಯಾರದೋ ಬಾಯಿಯ ಗಂಟಿನ ಚೂರು. ಕುಂಚದ ತುದಿಯಿಂದ ಎತ್ತಿ ಬೆಚ್ಚನೆಯ ನೀರಿನ ಮೇಲೆ ಬಿಟ್ಟರೆ ಸುಕ್ಕೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಆಗ ಒಂದು ಸೀನು ಬಂತೋ, ಮಾಡಿದ್ದೆಲ್ಲ ನೀರಲ್ಲಿ ಹೋಮ.

ಗಂಟಿಗೆ ಹೆಸರಿಡುವವರು ಡಾಕ್ಟರು. ಅವರು ಸೂಕ್ಷ್ಮದರ್ಶಕದಲ್ಲಿ ನೋಡುವ, ಆ ಪಟ್ಟಿ ಅಂಟಿಸಿದ ಗಾಜಿನ ಬಿಲ್ಲೆ ತಯಾರಾಗುವುದು ಮೇಣದಕ್ಕನ ಕೈಯಲ್ಲಿ, ದಿನಕ್ಕೆ ನಲವತ್ತರ ಆಸುಪಾಸು. ಗಾರೆ ಕೆಲಸದ ಗಂಡ ಬಿದ್ದು ಸೊಂಟ ಮುರಿದುಕೊಂಡಾಗ ಬಾಟಲಿ ತೊಳೆಯಲು ಸೇರಿದವರು, ನೋಡಿ ನೋಡಿ ಕಲಿತರು. ಅಚ್ಚು ತಣಿಸುವ ಮಂಜುಗಡ್ಡೆ ಹಿಡಿದು ಬೆರಳು ಮರಗಟ್ಟಿವೆ. ಮದ್ದಿನ ಘಾಟಿಗೆ ಮೂಗು ಸೋತು, ಮನೆಯಲ್ಲಿ ಹಾಲು ಸೀದರೂ ತಿಳಿಯದು. "ನಮ್ಮ ಸೊಸೆ ಈರುಳ್ಳಿ ಹೆಚ್ಚಿದ್ರೆ ಹುಡುಕ್ಕೊಂಡು ತಿನ್ಬೇಕು" ಎಂದು ಅತ್ತೆ ಬಂದವರೆದುರೆಲ್ಲ ಹೆಮ್ಮೆಯಿಂದಲೇ ದೂರುತ್ತಾರೆ.

ಇಂದಿನ ಚೂರು ಶಾಲೆಯ ಮೇಷ್ಟರೊಬ್ಬರದು. ನಾಲಿಗೆಯ ಅಂಚಿನಲ್ಲಿ ಬಟಾಣಿಯಷ್ಟು ಗಂಟು. ಮುರಿದ ಹಲ್ಲು ಉಜ್ಜಿ ಆದದ್ದೋ, ಕ್ಯಾನ್ಸರೋ? ಕ್ಯಾನ್ಸರಾದರೆ ಪಾಠ ಹೇಳುವ ಆ ನಾಲಿಗೆಗೇ ಕತ್ತರಿ. ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಪರಸ್ಪರ ಮುಖ ನೋಡದೆ ಕೂತಿದ್ದಾರೆ.

ಬಣ್ಣ ಹಾಕಿದ ಬಿಲ್ಲೆ ನೋಡಿದ ಡಾಕ್ಟರು ಬಹಳ ಹೊತ್ತು ತಲೆಯೆತ್ತುವುದಿಲ್ಲ. ಮೇಲ್ಪದರ ತುಂಡುತುಂಡಾಗಿ ಕಡಿದು ಆಳಕ್ಕಿಳಿದಂತಿದೆ. ಅದು ಕೆಟ್ಟ ಗುರುತು. ಆದರೂ ಅವರಿಗೆ ಏನೋ ಅನುಮಾನ.

"ಅಕ್ಕಾ, ಇದನ್ನ ನಿಲ್ಲಿಸಿದ್ರಾ, ಮಲಗಿಸಿದ್ರಾ?"

ಮೇಣದಕ್ಕ ಅಚ್ಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬಾಯಿಯ ಚೂರನ್ನು ಮೇಣದಲ್ಲಿ ಅಂಚಿನ ಮೇಲೆ ನಿಲ್ಲಿಸಬೇಕು. ಮೇಲ್ಪದರದಿಂದ ಕೆಳಗಿಳಿಯುವ ಬೇರುಗಳು ಬಾಚಣಿಗೆಯ ಹಲ್ಲಿನಂತೆ. ಅಡ್ಡ ಕೊಯ್ದರೆ ಬಿಡಿಬಿಡಿ ಚುಕ್ಕೆ, ಉದ್ದಕ್ಕೆ ಕೊಯ್ದರಷ್ಟೇ ಬುಡಕ್ಕೆ ಅಂಟಿರುವುದು ಕಾಣುತ್ತದೆ. ನಿನ್ನೆ ಮೇಣ ಗಟ್ಟಿಯಾಗುವಾಗ ಚೂರು ವಾಲಿದೆ, ಇವರು ಗಮನಿಸಿಲ್ಲ.

"ಮಲಗಿಬಿಟ್ಟಿದೆ ಸಾರ್. ತಪ್ಪು ನಂದು. ಕರಗಿಸಿ ಎಬ್ಬಿಸ್ತೀನಿ."

ಕೊಯ್ದು ಕೊಯ್ದು ಚೂರು ಆಗಲೇ ಅರ್ಧ ಸವೆದಿದೆ. ಇನ್ನೊಮ್ಮೆ ತಪ್ಪಿದರೆ ನೋಡಲು ಏನೂ ಉಳಿಯದು. ಮೇಣ ಕರಗುತ್ತದೆ. ಚಿಮಟದಲ್ಲಿ ಎತ್ತಿ ಮಗ್ಗುಲು ಬದಲಿಸಿ, ಅದು ಗಟ್ಟಿಯಾಗುವವರೆಗೂ ಕೈ ಬಿಡದೆ ಹಿಡಿದಿರುತ್ತಾರೆ. ಅವರ ಮರಗಟ್ಟಿದ ಬೆರಳು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮತ್ತೆ ಮಂಜುಗಡ್ಡೆ, ಮತ್ತೆ ಹಿಡಿ, ಮತ್ತೆ ಆ ಬಿಗಿಹಿಡಿದ ಉಸಿರು.

ಹೊಸ ಬಿಲ್ಲೆಯ ಮೇಲೆ ಬಾಗಿದ ಡಾಕ್ಟರು ಕೊನೆಗೆ ನಗುತ್ತಾರೆ. ಹಲ್ಲೆಲ್ಲ ಬಾಚಣಿಗೆಯಲ್ಲೇ ಇವೆಯಂತೆ. ಕ್ಯಾನ್ಸರಲ್ಲ, ಮೇಷ್ಟರ ಮುರಿದ ಹಲ್ಲು ಕೀಳಿಸಿದರೆ ಸಾಕಂತೆ.

ಸುದ್ದಿ ತಿಳಿದ ಮೇಲೆ ಕದದಾಚೆ ಮೇಷ್ಟರ ದನಿ ಕೇಳುತ್ತದೆ. ಹೆಂಡತಿ ಸುಮ್ಮನಿರಿ ಎಂದರೂ ನಿಲ್ಲದು. ಹೋಗಿ ಒಮ್ಮೆ ಮಾತಾಡಿಸಬಾರದೇ ಎಂದು ಡಾಕ್ಟರು ಕೇಳಿದರೆ ಮೇಣದಕ್ಕ ಆಗಲೇ ಮುಂದಿನ ಅಚ್ಚಿಗೆ ಕೈ ಹಾಕಿದ್ದಾರೆ.

"ಮುಖ ನೋಡಿ ನಂಗೇನಾಗ್ಬೇಕು? ಮಾತಾಡ್ಕೊಂಡು ಹೋಗ್ಲಿ ಬಿಡಿ. ಇಲ್ಲಿಗೇ ಕೇಳಿಸ್ತಿದೆಯಲ್ಲ."