ಪಾಚಿ ಎಂದು ನಾನು ಹೊಗಳಿದ ಹಸಿರು

2023ರ ಮಳೆಗಾಲ. ಪಡೀಲಿನ ಒಂದು ಪುಟ್ಟ ಗೇಮ್ ಸ್ಟುಡಿಯೋದಲ್ಲಿ ನಾನು ಆರ್ಟ್ ಲೀಡ್ ಆಗಿದ್ದೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಮುದ್ರಣಾಲಯವೊಂದರಲ್ಲಿ ಕಲರ್ ಸೆಪರೇಶನ್, ಅಂದರೆ ಬಣ್ಣದ ಚಿತ್ರವನ್ನು ಅಚ್ಚಿಗಾಗಿ ನಾಲ್ಕು ಶಾಯಿಗಳಾಗಿ ಬಿಡಿಸುವ ಕೆಲಸ ಮಾಡಿದ್ದೆ. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಸೊಕ್ಕು ನನಗಿತ್ತು. ಜೆಪ್ಪುವಿನ ನಮ್ಮ ಮನೆಯಲ್ಲಿ ಸೀರೆ ಕೊಳ್ಳುವುದಿರಲಿ, ಗೋಡೆಗೆ ಬಣ್ಣ ಹಚ್ಚುವುದಿರಲಿ, ಕೊನೆಯ ಮಾತು ನನ್ನದೇ.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಮೊಬೈಲ್ ಗೇಮಿನ ಆರಂಭದ ಚಿತ್ರ. ಪಿಕ್ಸೆಲ್ ಆರ್ಟ್ ಎಂದರೆ ಸಣ್ಣ ಸಣ್ಣ ಚೌಕಗಳಲ್ಲಿ ಒಂದೊಂದಾಗಿ ಬಣ್ಣ ತುಂಬಿ ಮಾಡುವ ಚಿತ್ರ. ನಮ್ಮದು ಅಡ್ಡಕ್ಕೆ 128, ಉದ್ದಕ್ಕೆ 128 ಚೌಕ. ನದಿಯ ಕಡೆಗೆ ಇಳಿಯುವ ಒಂದು ಬೀದಿ, ಎಡಗಡೆ ಮರಗಳು ಮತ್ತು ಬಸ್ ಸ್ಟಾಪ್, ಬಲಗಡೆ ಮೀನಿನ ಅಂಗಡಿ, ಬಸ್ ಸ್ಟಾಪ್, ಅಂಗಡಿ ಎರಡರ ಮೇಲೂ ಹಾದುಹೋಗುವ ಉದ್ದನೆಯ ಹಂಚಿನ ಮಾಡು, ಅಂದರೆ ಛಾವಣಿ. ಎಡದ ಅರ್ಧ ಲವೀನಾಳದ್ದು, ಬಲದ ಅರ್ಧ ರಫೀಕನದ್ದು. ಇಬ್ಬರಿಗೂ ಸೇರಿ ಒಂದೇ ಪ್ಯಾಲೆಟ್, ಅದರಲ್ಲಿ ಹದಿನಾರು ಮನೆ, ಮನೆಗೊಂದು ಬಣ್ಣ. ಪ್ರತಿ ಶನಿವಾರ ಹನ್ನೊಂದಕ್ಕೆ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿ ನಾನು ಅಭಿಪ್ರಾಯ ಹೇಳಬೇಕು.

ಲವೀನಾ ನಾಲ್ಕು ವರ್ಷದಿಂದ ಇದ್ದವಳು, ಅಚ್ಚುಕಟ್ಟಿನ ಹುಚ್ಚು ಇರುವವಳು. ರಫೀಕನಿಗೆ ಮೂವತ್ತೆರಡು ವರ್ಷ. ಬಂದರಿನಲ್ಲಿ ತಂದೆಯ ಬಟ್ಟೆ ಅಂಗಡಿಯನ್ನು ಬಿಟ್ಟು ಈ ಕೆಲಸಕ್ಕೆ ಬಂದಿದ್ದ. ಅವನನ್ನು ಆರಿಸಿದವಳು ನಾನೇ. ಬರೀ ನಾಲ್ಕು ಬೂದು ಛಾಯೆಗಳಲ್ಲಿ ಚಿತ್ರ ಮಾಡುವ ಪರೀಕ್ಷೆ ಕೊಟ್ಟಿದ್ದೆ. ಬೆಳಕು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದನ್ನು ಅವನಷ್ಟು ಬಲ್ಲವರು ಆ ದಿನ ಬೇರೆ ಯಾರೂ ಬಂದಿರಲಿಲ್ಲ. ಅವನ ಆರು ತಿಂಗಳ ಪ್ರೊಬೆಷನ್ ಈ ಚಿತ್ರದೊಂದಿಗೆ ಮುಗಿಯುತ್ತಿತ್ತು. ಖಾಯಂ ಮಾಡಬೇಕೇ ಬೇಡವೇ ಎಂಬ ವರದಿಯನ್ನು ನಾನು ಬರೆಯಬೇಕಿತ್ತು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ಶನಿವಾರ ರಫೀಕನ ಮಾಡಿನ ಮೇಲೆ ಅಲ್ಲಲ್ಲಿ ಗಾಢ ಹಸಿರು ಕಂಡಿತು. ನನಗೆ ಖುಷಿ ತಡೆಯಲಾಗಲಿಲ್ಲ.

"ನೋಡಿ, ಪಾಚಿ! ಮಳೆಗಾಲದ ಹಂಚು ಅಂದ್ರೆ ಹೀಗೆ. ನಾನು ಹೇಳದೆ ಇವನಿಗೆ ಹೊಳೆಯಿತಲ್ಲ."

"ನನ್ನ ಕಡೆ ಪಾಚಿ ಇಲ್ಲ ಮೇಡಂ. ಮಾಡು ಒಂದೇ ಅಲ್ವಾ?" ಎಂದಳು ಲವೀನಾ.

"ಹಾಗಾದ್ರೆ ನೀನೂ ಹಾಕು."

ರಫೀಕ್ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ನಾನು ಪಾಚಿಯ ಗುಣಗಾನದಲ್ಲಿ ಮುಳುಗಿದ್ದೆ.

ಮೂರನೇ ಶನಿವಾರ ಮೀನಿನ ಅಂಗಡಿ ತಯಾರಾಗಿ ಬಂತು. ಹಲಗೆಯ ಮೇಲೆ ಸಾಲಾಗಿ ಬಂಗುಡೆ, ಎಲ್ಲದರ ಕಿವಿರೂ ಹಸಿರು. ಮೀನು ತಾಜಾ ಎಂದರೆ ಕಿವಿರು ಕೆಂಪಿರಬೇಕು. ಈ ಊರಿನಲ್ಲಿ ಮಕ್ಕಳೂ ಕಿವಿರು ಎತ್ತಿ ನೋಡಿಯೇ ಮೀನು ತರುವುದು.

"ಈ ಬಂಗುಡೆ ಎಷ್ಟು ದಿನದ್ದು ಮಾರಾಯ? ಐಸಿನಲ್ಲಿ ಇಡ್ಲಿಲ್ವಾ?" ಎಂದೆ. ಇಡೀ ಕೋಣೆ ನಕ್ಕಿತು. ರಫೀಕನೂ ನಕ್ಕ. ಸಂಜೆ ಅವನಿಂದ ಎರಡು ಸಾಲಿನ ಮೇಲ್ ಬಂತು: ಈ ಕೆಲಸ ತನ್ನಿಂದ ಆಗುವುದಿಲ್ಲ, ವರದಿ ಬರೆಯುವ ತೊಂದರೆ ತೆಗೆದುಕೊಳ್ಳುವುದು ಬೇಡ.

ನನಗೆ ಬೇಸರಕ್ಕಿಂತ ಹೆಚ್ಚಾಗಿ ಕುತೂಹಲವಾಯಿತು. ಪಾಚಿಯನ್ನು ಅಷ್ಟು ಚೆನ್ನಾಗಿ ಗಮನಿಸಿದವನು, ಬಂದರಿನಲ್ಲಿ ಹುಟ್ಟಿ ಬೆಳೆದವನು, ಮೀನಿನ ಕಿವಿರಿನ ಬಣ್ಣ ಮರೆಯುತ್ತಾನೆಯೇ? ಸೋಮವಾರ ಬೆಳಿಗ್ಗೆ ಬೇಗ ಬಂದು ಅವನ ಫೈಲುಗಳನ್ನು ತೆರೆದು ಕೂತೆ. ಮೊದಲ ವಾರ ಮಾಡಿದ ಹಂಚುಗಳಲ್ಲಿ ಪ್ರತಿ ಹಂಚಿನ ಕೆಳಗಿನ ಅಂಚಿಗೆ ಗಾಢ ಕೆಂಪಿನ ಒಂದು ಚೌಕ, ಅದು ನೆರಳು. ಎರಡನೇ ವಾರದ ಹಂಚುಗಳಲ್ಲಿ ಅದೇ ಜಾಗದಲ್ಲಿ ಹಸಿರು. ಎಣಿಸಿದೆ. ಅರವತ್ತೆರಡು ಹಂಚು, ಅರವತ್ತೆರಡು ಹಸಿರು ಚೌಕ. ಪಾಚಿಗೆ ಇಷ್ಟು ಶಿಸ್ತು ಎಲ್ಲಿಂದ ಬಂತು? ಎಣಿಸಿದ್ದರೆ ಅವತ್ತೇ ತಿಳಿಯುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ; ಮಳೆ ನೋಡುತ್ತಾ ಕೂತಿದ್ದ ನನಗೆ ಹಸಿರೆಲ್ಲ ಪಾಚಿಯಾಗಿತ್ತು. ಕಿವಿರಿನ ಹಸಿರೂ ಮಾಡಿನ ಹಸಿರೂ ಪ್ಯಾಲೆಟ್ಟಿನ ಒಂದೇ ಮನೆಯಿಂದ ಬಂದಿದ್ದವು, ಹನ್ನೊಂದನೆಯದು.

ಫೋನ್ ಮಾಡಿದೆ. ವರದಿಯ ವಿಷಯ ಅಲ್ಲ, ನನಗೊಂದು ಸಂಶಯ ಉಂಟು, ಬಂದು ಹೋಗು ಎಂದೆ. ಬಂದ.

"ಹನ್ನೊಂದನೇ ಮನೆಯಲ್ಲಿ ಎಂತ ಬಣ್ಣ ಉಂಟು?"

"ಗಾಢ ಕೆಂಪು." ಪರದೆಯ ಕಡೆ ತಿರುಗಿಯೂ ನೋಡಿರಲಿಲ್ಲ.

"ಈಗ ನೋಡಿ ಹೇಳು."

ತುಂಬಾ ಹೊತ್ತು ನೋಡಿದ. ಆಮೇಲೆ ಮೆಲ್ಲನೆ, "ಗಾಢ ಕೆಂಪಲ್ವಾ ಮೇಡಂ?" ಎಂದ.

ಪರದೆಯ ಮೇಲಿದ್ದದ್ದು ಗಾಢ ಹಸಿರು. ಅವನು ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದ.

"ನನಗೆ ಸಣ್ಣಂದಿನಿಂದ ಕೆಂಪು, ಹಸಿರು ಒಂದೇ ಹಾಗೆ ಕಾಣ್ತದೆ. ಅಂಗಡಿಯಲ್ಲಿ ಬ್ಲೌಸ್ ಪೀಸ್ ಯಾವ ಬಣ್ಣದ್ದು ಯಾವ ಕಪಾಟಿನಲ್ಲಿ ಉಂಟು ಅಂತ ಬಾಯಿಪಾಠ. ಒಮ್ಮೆ ತಂದೆ ಕಪಾಟು ಬದಲಾಯಿಸಿದ್ರು, ನನಗೆ ಹೇಳ್ಲಿಲ್ಲ. ಮದುವೆಯ ಕೆಂಪು ಸೀರೆಗೆ ನಾನು ಹಸಿರು ಪೀಸ್ ಕತ್ತರಿಸಿ ಕೊಟ್ಟೆ. ಅಂಗಡಿ ತುಂಬ ಜನ ಇತ್ತು. ಮತ್ತೆ ನಾನು ಗಲ್ಲಾದ ಹತ್ತಿರ ಹೋಗ್ಲಿಲ್ಲ."

"ಪಾಚಿ ಅಂತ ನಾನು ಹೇಳಿದಾಗ ಯಾಕೆ ಸುಮ್ಮನಿದ್ದೆ?"

"ಹೇಳ್ಲಿಕ್ಕೆ ಹೊರಟೆ. ನೀವು ಹೊಗಳ್ತಾ ಇದ್ರಿ. ನನ್ನ ಕೈ ತಪ್ಪಿದ್ದಿರಬೇಕು, ಇನ್ನು ಸರಿಯಾಗಿ ಹನ್ನೊಂದನ್ನೇ ಒತ್ತುವಾ ಅಂತ ಮಾಡಿದೆ. ಹೊಗಳಿದ ಮೇಲೆ ಅದು ತಪ್ಪು ಅಂತ ಹೇಗೆ ಹೇಳುದು ಮೇಡಂ?"

ಹನ್ನೊಂದನೇ ಮನೆಯಲ್ಲಿ ಮೊದಲು ಗಾಢ ಕೆಂಪೇ ಇತ್ತು. ಲವೀನಾಳನ್ನು ಕರೆದು ಕೇಳಿದೆ. "ನಾನೇ ಬದಲಾಯಿಸಿದ್ದು. ಕೆಂಪು ಎಲ್ಲ ಒಟ್ಟಿಗೆ ಇರ್ಲಿ ಅಂತ ಐದಕ್ಕೆ ತಂದೆ, ಅಲ್ಲಿದ್ದ ಹಸಿರನ್ನು ಹನ್ನೊಂದಕ್ಕೆ ಹಾಕಿದೆ. ಹೇಳ್ಬೇಕಿತ್ತು" ಎಂದವಳ ಮುಖ ಸಪ್ಪಗಾಯಿತು. ಎರಡೂ ಒಂದೇ ಸಮ ಗಾಢವಾದ್ದರಿಂದ ರಫೀಕನಿಗೆ ಏನೂ ಬದಲಾದಂತೆ ಕಂಡಿರಲಿಲ್ಲ. ಅವನ ಅರ್ಧದಲ್ಲಿ ಮರಗಳಿಲ್ಲದ್ದರಿಂದ ಹಸಿರಿನ ಕೆಲಸವೂ ಅವನಿಗೆ ಬಿದ್ದಿರಲಿಲ್ಲ. ತಂದೆಯ ಕಪಾಟಿನ ಕಥೆಯೇ ಇಲ್ಲಿಯೂ ನಡೆದಿತ್ತು, ನಗುವ ಜನರ ಸಮೇತ. ಬಂಗುಡೆಯ ತಮಾಷೆಗೆ ನಾನು ಲವೀನಾಳ ಎದುರೇ ಅವನ ಕ್ಷಮೆ ಕೇಳಿದೆ.

ಅವತ್ತೇ ಪ್ಯಾಲೆಟ್ಟಿನ ಮನೆಗಳಿಗೆ ನಂಬರಿನ ಜೊತೆ ಹೆಸರೂ ಬರೆದು, ಯಾರೂ ಕೈಹಾಕದಂತೆ ಲಾಕ್ ಮಾಡಿದೆವು. ಅವನ ಒಪ್ಪಿಗೆ ಪಡೆದು ವರದಿಯಲ್ಲಿ ಕಣ್ಣಿನ ವಿಷಯವನ್ನೂ ಬರೆದೆ, ಖಾಯಂ ಮಾಡಬೇಕು ಎಂದೂ ಬರೆದೆ. ಮಾಲೀಕರು ಎರಡು ಪ್ರಶ್ನೆ ಕೇಳಿ ಸಹಿ ಹಾಕಿದರು.

ಕೊನೆಯ ಶನಿವಾರ ಮೊದಲ ಮಾತನ್ನು ರಫೀಕನಿಗೆ ಬಿಟ್ಟೆ. ತನ್ನ ಅರ್ಧವನ್ನು ಅವನು ಸರಿ ಮಾಡಿಯಾಗಿತ್ತು. ಎಡಗಡೆಯ ಮಾಡನ್ನು ನೋಡಿ ಕೇಳಿದ:

"ಲವೀನಾ, ಇಲ್ಲಿ ಕಪ್ಪು ಕಪ್ಪು ಕಾಣುದು ನೆರಳಾ, ಪಾಚಿಯಾ?"

"ಪಾಚಿ."

"ಯಾಕೆ ಹಾಕಿದ್ದು?"

ಲವೀನಾ ನನ್ನ ಮುಖ ನೋಡಿದಳು. "ನಾನು ಹೇಳಿದ್ದಕ್ಕೆ" ಎಂದೆ.

"ಹಾಗಾದ್ರೆ ತೆಗೀಬಹುದು ಮೇಡಂ. ಚಿತ್ರದಲ್ಲಿ ಬಿಸಿಲು ಸೀದಾ ಅಲ್ಲಿಗೇ ಬೀಳ್ತಾ ಉಂಟು. ಬಿಸಿಲು ಬೀಳುವಲ್ಲಿ ಪಾಚಿ ನಿಲ್ಲುದಿಲ್ಲ."

ಹೌದು, ಬಿಸಿಲು ಅಲ್ಲಿಗೇ ಬೀಳುತ್ತಿತ್ತು. ಮೂರು ವಾರ ಆ ಚಿತ್ರ ನೋಡಿದ ನನಗೆ ಅದು ಕಂಡಿರಲಿಲ್ಲ. ಬೈದರೆ ಜನ ಬಾಯಿ ಮುಚ್ಚುತ್ತಾರೆಂದು ಎಲ್ಲರಿಗೂ ಗೊತ್ತು, ಹೊಗಳಿದರೂ ಮುಚ್ಚುತ್ತಾರೆಂದು ನನಗೆ ಕಲಿಸಿದ್ದು ಆ ಅರವತ್ತೆರಡು ಚೌಕಗಳು. ಈಗ ಯಾರ ಕೆಲಸ ಮುಂದೆ ಬಂದರೂ, ಮೆಚ್ಚುವ ಮೊದಲೂ ತೆಗಳುವ ಮೊದಲೂ ರಫೀಕನ ಪ್ರಶ್ನೆಯನ್ನೇ ಕೇಳುತ್ತೇನೆ: ಇದು ಎಂತ, ಯಾಕೆ ಹಾಕಿದ್ದು? ಕೇಳಿದ ಮೇಲೆ, ಉತ್ತರ ಮುಗಿಯುವ ತನಕ ಸುಮ್ಮನಿರುತ್ತೇನೆ. ನನ್ನಂಥವಳಿಗೆ ಕಷ್ಟವಾಗುವುದು ಈ ಎರಡನೆಯದೇ.