ಟ್ಯಾಂಕಿನೊಳಗೆ ಬೀಗದಣ್ಣ

ಕಟ್ಟಡದವರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಕೆಳಗಿನ ಮನೆಯ ಮುಂದಿನ ಕೋಣೆಯೇ ಅವನ ಬೀಗ ರಿಪೇರಿ ಅಂಗಡಿ. ಚಿಕ್ಕಂದಿನಲ್ಲೇ ಎಡಗಾಲು ಸೊರಗಿತ್ತು. ಊರುಗೋಲು ಹಿಡಿದು, ಬೀಗದ ಕೈಗಳಿಗೆ ಅರ ಉಜ್ಜಿ, ತೋಳುಗಳು ಮಾತ್ರ ಗಟ್ಟಿಯಾಗಿದ್ದವು.

ಆ ಕಟ್ಟಡದಲ್ಲೊಂದು ಪದ್ಧತಿಯಿತ್ತು. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ತಿಂಗಳಿಗೊಂದು ಮನೆಯವರು ತೊಳೆಯಬೇಕು. ತೊಳೆದವರು ಬ್ರಷ್ಷನ್ನು ಮುಂದಿನ ಮನೆಯ ಬಾಗಿಲಿಗೆ ತಗುಲಿಹಾಕಬೇಕು. ಎದುರು ಮನೆಯ ಮೇಷ್ಟ್ರಿಗೂ ವಿನಾಯಿತಿಯಿಲ್ಲ, ನಿನ್ನೆ ಮೊನ್ನೆ ಬಂದ ಬಾಡಿಗೆಯವರಿಗೂ ಇಲ್ಲ. ಬೀಗದಣ್ಣನ ಬಾಗಿಲನ್ನು ಮಾತ್ರ ಆ ಬ್ರಷ್ ದಾಟಿ ಹೋಗುತ್ತಿತ್ತು. ಯಾರೂ ಅವಮಾನ ಮಾಡಲೆಂದು ಹಾಗೆ ಮಾಡಿರಲಿಲ್ಲ. ಪಾಪ ಎಂದು ಬಿಟ್ಟಿದ್ದರು. ಅವನಿಗೆ ಚುಚ್ಚುತ್ತಿದ್ದದ್ದು ಆ ‘ಪಾಪ’ವೇ. ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಕೂತು ಟ್ಯಾಂಕಿನ ವಿಷಯಕ್ಕೆ ಕಚ್ಚಾಡುವಾಗ ಅವನು ತುಟಿ ಬಿಚ್ಚುತ್ತಿರಲಿಲ್ಲ. ತೊಳೆಯದವನಿಗೆ ಮಾತಾಡುವ ಹಕ್ಕೆಲ್ಲಿದೆ ಎಂದುಕೊಳ್ಳುತ್ತಿದ್ದ.

ಮೇಷ್ಟ್ರು ತಮ್ಮ ಸರದಿ ಮುಗಿಸಿ, ಎಂದಿನಂತೆ ಅವನನ್ನು ಬಿಟ್ಟು, ಪಕ್ಕದ ಡ್ರೈವರನ ಬಾಗಿಲಿಗೆ ಬ್ರಷ್ ತಗುಲಿಹಾಕಿದ್ದರು. ತೊಳೆಯುವ ಭಾನುವಾರ ಬಂದಾಗ ಬೀಗದಣ್ಣ ಹೋಗಿ ಅದನ್ನು ಎತ್ತಿಕೊಂಡ.

“ಅಯ್ಯೋ, ನೀನ್ಯಾಕಣ್ಣ? ನಾನಿಲ್ವಾ?” ಎಂದ ಡ್ರೈವರ್.

“ನಿಂದು ಮುಂದಿನ ತಿಂಗಳು. ಹೋಗಿ ಮಲ್ಕೋ.”

ಮೇಲಿನ ಮನೆಯ ನರ್ಸಮ್ಮ ದಡದಡ ಇಳಿದು ಬಂದರು. “ಬಿದ್ದುಗಿದ್ರೆ? ಆಮೇಲೆ ಕಟ್ಟು ಹಾಕೋಳು ನಾನೇ ತಾನೆ?”

“ನರ್ಸಮ್ಮ, ಟ್ಯಾಂಕ್ ಒಳಗೆ ನೀವು ನಿಂತ್ಕೊಂಡು ತೊಳೀತೀರಾ?”

“ನಿಲ್ಲೋಕೆಲ್ಲಾಗುತ್ತೆ? ತಲೆ ಹೊಡೆಯುತ್ತೆ. ಕೂತ್ಕೊಂಡೇ...”

“ಕೂತ್ಕೊಳ್ಳೋದು ನನಗೆ ಚೆನ್ನಾಗಿ ಬರುತ್ತಲ್ಲ!”

ಒಳಗಿನಿಂದ ಅವನ ಹೆಂಡತಿ ಕೂಗಿದಳು: “ಹೋಗ್ಲಿ ಬಿಡ್ರಮ್ಮ. ಮನೇಲಿ ಒಂದು ಲೋಟ ತೊಳೆದವರಲ್ಲ. ಇವತ್ತಾದ್ರೂ ಕಣ್ತುಂಬ ನೋಡೋಣ!”

ಒಂದೊಂದೇ ಮೆಟ್ಟಿಲು ಹತ್ತಿ ತಾರಸಿ ಸೇರಿದ. ಅಲ್ಲಿ ಊರುಗೋಲನ್ನು ಡ್ರೈವರನ ಕೈಗೆ ಕೊಟ್ಟು, ಕಬ್ಬಿಣದ ಏಣಿಯನ್ನು ಬರೀ ತೋಳಿನ ಬಲದಿಂದ ಏರಿದ. ನಡುವೆ ಒಮ್ಮೆ ಕೈ ಜಾರಿತು. ಹಿಂದೆಯೇ ತಾರಸಿಗೆ ಬಂದಿದ್ದ ನರ್ಸಮ್ಮ, ಮೇಷ್ಟ್ರು ಹಿಡಿಯಲು ಕೈ ಚಾಚಿದರು. ಅವನು ಹಲ್ಲು ಕಚ್ಚಿ ಹಿಡಿದುಕೊಂಡ. ಟ್ಯಾಂಕಿನ ಬಾಯಿಯೊಳಗೆ ಮೆಲ್ಲನೆ ಇಳಿದು ಮರೆಯಾದ. ಸ್ವಲ್ಪ ಹೊತ್ತಿಗೆ ಬ್ರಷ್ಷಿನ ಗರಗರ ಸದ್ದು ಇಡೀ ತಾರಸಿಗೆ ಕೇಳಿಸಿತು. ಟ್ಯಾಂಕಿನ ಬಾಯಿಯ ಬಳಿ ನಿಂತವರು ಕೆಸರು ತುಂಬಿದ ಬಕೆಟ್ ಎಳೆದು ಎಳೆದು ಸೋತರು. ಅವನು ಸೋಲಲಿಲ್ಲ.

ಕೊನೆಗೆ ನರ್ಸಮ್ಮ ಟಾರ್ಚ್ ಹಾಕಿ ಒಳಗೆ ಇಣುಕಿದರು. ಎಲ್ಲರಿಗೂ ಬೈಯುವ ಅದೇ ದನಿಯಲ್ಲಿ ಬೈದರು: “ರೀ ಬೀಗದಣ್ಣ, ಆ ಮೂಲೇನ ನಿಮ್ಮ ತಾತ ಬಂದು ತೊಳೀತಾರಾ?”

ತಾರಸಿಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಒಳಗೆ ಬೀಗದಣ್ಣನ ಮುಖ ಊರಗಲವಾಯಿತು. ಈ ಕಟ್ಟಡದಲ್ಲಿ ಅವನು ತಿಂದ ಮೊದಲ ಬೈಗುಳ ಅದು.

“ಇದು ಹಳೇ ಪಾಚಿ ಕಣ್ರೀ!” ಅವನ ದನಿ ಗುಡುಗಿನಂತೆ ಮೇಲೆ ಬಂತು. “ಹೋದ ತಿಂಗಳು ತೊಳೆದವರು ಯಾರು? ಎಲ್ಲಿ ಆ ಮೇಷ್ಟ್ರು? ಕರೀರಿ ಇಲ್ಲಿ!”

“ನಾನು ಉಜ್ಜಿದ್ದೆ ಮಾರಾಯ!” ಎಂದು ಮೇಷ್ಟ್ರು ಕಿರುಚಿದರು. ಡ್ರೈವರ್ ನಕ್ಕ, ನರ್ಸಮ್ಮ ಇಬ್ಬರಿಗೂ ಗದರಿದರು, ಜಗಳ ಹತ್ತಿಕೊಂಡಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಟ್ಯಾಂಕಿನೊಳಗಿನಿಂದ ಬರುತ್ತಿತ್ತು.