ಹಲಗೆಯ ನಡುಕ ಬಲ್ಲ ಹಫೀಜಾ

ಬೆಳಗಿನ ಆರು ಗಂಟೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯತ್ತ ಆಟೋಗಳು ಓಡುತ್ತಿವೆ. ಹಿಂದಿನ ಗಲ್ಲಿಯ ಮರಗೆಲಸದ ಶೆಡ್ಡಿನಲ್ಲಿ ಹಫೀಜಾ ಕಣ್ಣು ಮುಚ್ಚಿಕೊಂಡು ಹಲಸಿನ ಹಲಗೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಾರೆ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಅಲೆಗಳು. ಅಂಚು ಹೆರೆಯುವ ರೂಟರ್ ಮಷೀನು ಗಡಗಡ ನಡುಗಿ ಬಿಟ್ಟುಹೋದ ಗುರುತು ಅದು.

ಮರ ಮಂಡಿಕಲ್ಲು ಊರಿನ ಮುನಿಶಾಮಪ್ಪನವರದು. ಅವರ ತಾಯಿ ನೆಟ್ಟ ಹಲಸು ಗಾಳಿಗೆ ಉರುಳಿದೆ; ಹೊಸ ಮನೆಯ ತಲೆಬಾಗಿಲು ಅದರಲ್ಲೇ ಆಗಬೇಕೆಂದು ಅವರು ಹಟ ಹಿಡಿದಿದ್ದಾರೆ. ಎರಡು ಹಲಗೆ ಅಂಚಿಗೆ ಅಂಚು ಕೂಡಿದರೆ ಬಾಗಿಲು. ಆದರೆ ನಡುಕದ ಗೆರೆ ಹೆರೆದು ಹೆರೆದು ಆಗಲೇ ಅರ್ಧ ಇಂಚು ಹೋಗಿದೆ, ಇನ್ನೊಮ್ಮೆ ಕೆಟ್ಟರೆ ಅಗಲ ಸಾಲದು.

ಶೆಡ್ಡಿನ ಯಜಮಾನ ರಾಮಾಂಜಿನಪ್ಪ ಮರ ಕೊರೆಯುವ ಅಲಗು, ಅಂದರೆ ಬಿಟ್, ಹೊಸದು ಹಾಕಿದ್ದಾಯಿತು, ಮಷೀನಿಗೆ ಬೈದದ್ದೂ ಆಯಿತು. ಬೈಗುಳಕ್ಕೆ ಬಗ್ಗುವ ಜಾತಿಯೇ ಅದು?

"ಬಿಟ್ಟನ್ನ ತಳ ಮುಟ್ಟೋವರ್ಗೂ ತುರುಕಿ ಬಿಗಿದಿದೀನಿ ಕಣಮ್ಮಾ, ಗುದ್ದಲಿಗೆ ಕಾವು ಹಾಕ್ದಂಗೆ."

"ಅದೇ ತಪ್ಪಾಗಿರೋದು ಅಣ್ಣಾ," ಹಫೀಜಾ ನಗುತ್ತಾರೆ. "ತಳಕ್ಕೆ ಕೂತ್ರೆ ನಟ್ಟು ಬಿಗಿದಂಗೆ ಕಾಣ್ತದೆ, ಬಿಟ್ಟಿಗೆ ಹಿಡಿತ ಬರಲ್ಲ. ಚೂರು ಮೇಲಕ್ಕೆತ್ತಿ ಬಿಗೀಬೇಕು."

ಹಫೀಜಾ ಅವರಿಗೀಗ ಐವತ್ತೆರಡು. ಇಪ್ಪತ್ತು ವರ್ಷ ಬಿಸಿನೀರಿನ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚಿದ ಕೈ ಅದು. ಎಳೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ಕಣ್ಣಿಗಿಂತ ಮೊದಲು ಬೆರಳೇ ಹೇಳುತ್ತಿತ್ತು. ಆ ನೂಲು ಬಿಚ್ಚುವ ಘಟಕ ಮುಚ್ಚಿದಾಗ ಇಲ್ಲಿಗೆ ಉಪ್ಪುಕಾಗದ ಉಜ್ಜಲು ಬಂದರು. ಗಂಡಸರ ಕೆಲಸದಲ್ಲಿ ಮೂಗು ತೂರಿಸುತ್ತಾಳೆ ಎಂದು ಆಡಿಕೊಂಡವರೇ ಈಗ ಹಲಗೆ ಹೊತ್ತು ಬರುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಅಂಚುಗಳು ಹಫೀಜಾರ ಬೆರಳು ದಾಟಿದ ಮೇಲೆಯೇ ಅಂಟು ಕಾಣುವುದು.

ಪ್ಲಗ್ ಕಿತ್ತು, ಬಿಟ್ ಹಿಡಿಯುವ ಬಾಯೊಳಗಿನ ಮರದ ಹೊಟ್ಟನ್ನು ಹಳೇ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಬಿಟ್ಟನ್ನು ಚೂರು ಮೇಲಕ್ಕೆತ್ತಿ ಬಿಗಿಯುತ್ತಾರೆ. ಹಲಗೆಯನ್ನು ಮೇಜಿಗೆ ಇನ್ನೆರಡು ಕಡೆ ಬಿಗಿಸುತ್ತಾರೆ.

"ಹಲಸು ಗಟ್ಟಿ ಅಣ್ಣಾ. ಒಂದೇ ತುತ್ತಿಗೆ ನುಂಗಕ್ಕೋಗ್ಬೇಡಿ. ಕಾಗದದಷ್ಟು ಕಾಗದದಷ್ಟೇ ಮೂರು ಸಲ ಸವರಿ."

ರಾಮಾಂಜಿನಪ್ಪ ಮಷೀನು ಶುರು ಮಾಡುತ್ತಾರೆ. ಬೆಳಗ್ಗೆಯೇ ಶೆಡ್ಡಿಗೆ ಬಂದಿರುವ ಮುನಿಶಾಮಪ್ಪ ಹತ್ತಿರ ಸರಿದು ಬಗ್ಗಿ ನೋಡುತ್ತಾರೆ. ಈ ಸಲ ನಡುಕವಿಲ್ಲ, ಒಂದೇ ಸಮನೆ ಸದ್ದು. ಎರಡೂ ಹಲಗೆ ಕೂಡಿಸಿ ಬಿಸಿಲಿಗೆ ಹಿಡಿದರೆ ನಡುವೆ ಬೆಳಕಿನ ಎಳೆಯೂ ತೂರುವುದಿಲ್ಲ. ಅಗಲವೂ ಸರಿಯಾಗಿ ಸಾಕಾಗಿದೆ.

ಮುನಿಶಾಮಪ್ಪನವರ ಕಣ್ಣು ತುಂಬುತ್ತದೆ. "ನಮ್ಮಮ್ಮನ ಮರ ಉಳಿಸ್ದೆ ತಾಯಿ. ಬಾಗ್ಲ ಮೇಲೆ ನಿನ್ನ ಹೆಸರು ಕೆತ್ತಿಸ್ತೀನಿ."

"ಬೇಡ ಯಜಮಾನ್ರೇ," ಹಫೀಜಾ ಸೆರಗಿನಿಂದ ಹೊಟ್ಟು ಒರೆಸಿಕೊಳ್ಳುತ್ತಾರೆ. "ಬಂದೋರು ಜಾಯಿಂಟ್ ಎಲ್ಲೈತೆ ಅಂತ ಹುಡುಕ್ಲಿ. ಸಿಗ್ಲಿಲ್ಲ ಅಂದ್ರೆ, ಅದೇ ನನ್ನ ಹೆಸರು."